ವಸಂತ ಋತುವಿನಲ್ಲಿ ಹಿತ್ತಲ ತರಕಾರಿ ತೋಟ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಎಲ್ಲರಿಗೂ ತಿಳಿದುದೇ. ಆದರೆ ಮೈಸೂರು ಸೀಮೆಯ ಬಯಲು ಭಾಗಗಳಲ್ಲಿ ಶಿವರಾತ್ರಿಯಿಂದ ಭರಣಿ ಮಳೆಯವರೆಗಿನ ಸುಮಾರು ಎರಡು ತಿಂಗಳಲ್ಲಿ ಹಿತ್ತಲ ಗಿಡದಷ್ಟು ಉಪಕಾರಿಯು ಮತ್ತೊಂದಿಲ್ಲ. ಕೆರೆಗಳು ಬತ್ತಿ, ಸಂತೆಯಲ್ಲಿ ಸೊಪ್ಪು ತುಟ್ಟಿಯಾಗಿ, ಅನೇಕ ಮನೆಗಳಲ್ಲಿ ಬರಿಯ ಖಾರದೊಡನೆ ಮುದ್ದೆಯುಣ್ಣುವ ಕಾಲವಿದು. ಹಸಿರು ಸೊಪ್ಪನ್ನೇ ಕಾಣದ ಎಳೆಯ ಮಕ್ಕಳಿಗೆ 'ಎ' ಜೀವಸತ್ತ್ವದ ಕೊರತೆಯಿಂದ ಇರುಳುಗಣ್ಣು ಬರುವ ಸಂಭವವುಂಟು. ಹರಿವೆ, ನುಗ್ಗೆ ಸೊಪ್ಪುಗಳು ಈ ಕೊರತೆಯನ್ನು ನೀಗತಕ್ಕವು. ಆದುದರಿಂದ ಬೇಸಗೆಯಲ್ಲಿ ಹಿತ್ತಲನ್ನು ಪಾಳುಬಿಡುವುದು ಬರಿಯ ಸೋಮಾರಿತನವಲ್ಲ, ಸಂಸಾರಕ್ಕೆ ನಷ್ಟವೂ ಹೌದು.

ನೀರಿನ ಮಿತವ್ಯಯ:— ಬೇಸಗೆಯ ತೋಟವು ಕೆಡುವುದು ನೀರಿನ ಅಭಾವಕ್ಕಿಂತ ಹೆಚ್ಚಾಗಿ ನೀರನ್ನು ತಪ್ಪಾಗಿ ಕೊಡುವುದರಿಂದ. ದಿನಾಲೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನ ಒಂದೆರಡು ಅಂಗುಲ ಮಣ್ಣು ಮಾತ್ರ ನೆನೆದು, ಬೇರುಗಳು ಮೇಲಕ್ಕೇ ಬಂದು, ಬಿಸಿಲಿಗೆ ಬಾಡುವುವು. ಬೇರೂರಿದ ಗಿಡಗಳಿಗೆ ಮೂರು ನಾಲ್ಕು ದಿನಗಳಿಗೊಮ್ಮೆ, ಸಂಜೆಯ ಹೊತ್ತು, ಗೇಣು ಆಳ ನೆನೆಯುವಂತೆ ಹಾಯಿಸತಕ್ಕದ್ದು. ಬಳಿಕ ಬುಡದ ಸುತ್ತಲೂ ತರಗೆಲೆ ಅಥವಾ ಹೊಟ್ಟನ್ನು ಎರಡು ಮೂರು ಅಂಗುಲ ದಪ್ಪ ಹೊದಿಸಬೇಕು. ಗೆದ್ದಲಿನ ಭಯವಿರುವುದರಿಂದ ಹೊದಿಕೆಯು ಕಾಂಡಕ್ಕೆ ತಾಕಬಾರದು.

ಬಳ್ಳಿಗಳಿಗೆ ಮಡಕೆಯ ಕ್ರಮವು ಬಹಳ ಅನುಕೂಲವಾದುದು. ಎಣ್ಣೆ ಜಿಡ್ಡು ಹತ್ತದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ, ನೀರು ಮೆಲ್ಲಮೆಲ್ಲನೆ ಒಸರಿ ಬೇರಿಗೆ ಸೇರುವುದು. ಬಚ್ಚಲ ನೀರನ್ನು ಕಾಲುವೆಯ ಮೂಲಕ ಬಾಳೆಗೆ ಬಿಡಬಹುದು. ಸೊಪ್ಪಿನ ಮಡಿಗಳಿಗೆ ಮಾತ್ರ ಬಾವಿಯ ನೀರನ್ನೇ ಕೊಡತಕ್ಕದ್ದು.

ಬಿತ್ತನೆ:— ಶಿವರಾತ್ರಿಯಿಂದ ಯುಗಾದಿಯೊಳಗೆ ಹೀರೆ, ಪಡವಲ, ಸೋರೆಗಳನ್ನು ಊರಬೇಕು. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರಸಿ ತುಂಬಿ, ನಾಲ್ಕೈದು ಬೀಜಗಳನ್ನು ಹಾಕಿ, ಮೊಳೆತ ಮೇಲೆ ಪುಷ್ಟವಾದ ಎರಡನ್ನು ಉಳಿಸಬೇಕು. ಬೆಂಡೆಯನ್ನು ಸಾಲಿನಲ್ಲಿ ಬಿತ್ತಿದರೆ ಸುಮಾರು 45ರಿಂದ 50 ದಿನಗಳಲ್ಲಿ ಕಾಯಿ ಕೀಳಬಹುದು. ಹರಿವೆಯ ಸಣ್ಣ ಬೀಜವನ್ನು ಮರಳಿನೊಡನೆ ಬೆರಸಿ ತೆಳ್ಳಗೆ ಚೆಲ್ಲಬೇಕು. 25-30 ದಿನಗಳಲ್ಲಿ ಸೊಪ್ಪು ದೊರೆಯುವುದು. ಎಲ್ಲವನ್ನೂ ಒಮ್ಮೆಗೇ ಬಿತ್ತದೆ ಹತ್ತು ಹನ್ನೆರಡು ದಿನಗಳಿಗೊಂದು ಮಡಿಯಂತೆ ಬಿತ್ತಿದರೆ ಮನೆಗೆ ಸೊಪ್ಪಿನ ಕೊರತೆಯಿರದು.

ಹೂವು ಉದುರುವಿಕೆ:— ಬಳ್ಳಿಯು ಚಪ್ಪರವೇರಿದೊಡನೆ ಬಿಡುವ ಹೂಗಳೆಲ್ಲವೂ ಉದುರುವುದನ್ನು ಕಂಡು ಕೆಲವರು ಬಳ್ಳಿಯನ್ನೇ ಕಿತ್ತುಹಾಕುವುದುಂಟು. ಇದು ತಪ್ಪು. ಸಾಮಾನ್ಯವಾಗಿ ಮೊದಲು ಬರುವವು ಗಂಡು ಹೂಗಳು. ಅವು ಉದುರುವುದು ಸಹಜ. ಬುಡದಲ್ಲಿ ಪುಟ್ಟ ಕಾಯಿಯ ಆಕಾರವುಳ್ಳ ಹೆಣ್ಣು ಹೂಗಳು ಅನಂತರ ತೋರುವುವು. ಇವು ಕಾಯಿಗಟ್ಟಲು ಜೇನು ಮೊದಲಾದ ಕೀಟಗಳ ನೆರವು ಬೇಕು. ಆದುದರಿಂದ ಹೂಬಿಟ್ಟ ಬಳ್ಳಿಗೆ ವಿಷದ ಔಷಧವನ್ನು ಚಿಮುಕಿಸಬಾರದು. ಪಡವಲದ ಎಳೆಗಾಯಿಯ ತುದಿಗೆ ಸಣ್ಣ ಕಲ್ಲನ್ನು ಕಟ್ಟಿದರೆ ಕಾಯಿಯು ನೆಟ್ಟಗೆ ಇಳಿಯುವುದು.

ಪೀಡೆಗಳು:— ಎಳೆಯ ಬಳ್ಳಿಯ ಎಲೆಗಳನ್ನು ಕೆಂಪು ದುಂಬಿಯು ತೂತುಮಾಡುವುದು. ಬೆಳಗಿನ ಹೊತ್ತು ದುಂಬಿಗಳು ಮಂದವಾಗಿರುವಾಗ ಆರಿಸಿ ಕೊಂದು, ಎಲೆಗಳ ಮೇಲೆ ಜರಡಿ ಹಿಡಿದ ಒಲೆಯ ಬೂದಿಯನ್ನು ಉದುರಿಸಬೇಕು. ಬೆಂಡೆಯ ಎಲೆಯ ನರಗಳು ಹಳದಿಯಾಗುವ ರೋಗವನ್ನು ಮುಂಬಯಿ ಪ್ರಾಂತದಲ್ಲಿ 1924ರಲ್ಲಿಯೇ ಗುರುತಿಸಲಾಗಿತ್ತು. ಇದನ್ನು ಬಿಳಿನೊಣವು ಗಿಡದಿಂದ ಗಿಡಕ್ಕೆ ಹರಡುವುದು. ತಗುಲಿದ ಗಿಡಕ್ಕೆ ಚಿಕಿತ್ಸೆಯಿಲ್ಲ. ಕಂಡ ಕೂಡಲೇ ಕಿತ್ತು ಸುಡುವುದೇ ಉಳಿದವುಗಳ ರಕ್ಷಣೆ.

ಬೀಜದ ಸಂಗ್ರಹ:— ಪ್ರತಿಯೊಂದು ಜಾತಿಯಲ್ಲೂ ಉತ್ತಮವಾದ ಬಳ್ಳಿಯನ್ನು ಆರಿಸಿ, ಒಂದೆರಡು ಕಾಯಿಗಳನ್ನು ಅದರಲ್ಲಿಯೇ ಬಲಿಯಲು ಬಿಟ್ಟು, ಬೀಜ ತೆಗೆದು ನೆರಳಿನಲ್ಲಿ ಒಣಗಿಸಿ ಬೂದಿಯೊಡನೆ ಕಾಪಾಡತಕ್ಕದ್ದು.

ಗ್ರಾಮದ ಮುಖಂಡರೂ ಬಾವಿಯುಳ್ಳ ಜಮೀನುದಾರರೂ ಮೊದಲು ತಮ್ಮ ಹಿತ್ತಲಿನಲ್ಲಿ ಇದನ್ನು ಮಾಡಿ ತೋರಿಸಿ, ನೆರೆಯವರಿಗೆ ಹಿಡಿಯಷ್ಟು ಬೀಜವನ್ನೂ ಎರಡು ಕೊಡ ನೀರನ್ನೂ ಕೊಟ್ಟಲ್ಲಿ, ಭರಣಿ ಮಳೆ ಬೀಳುವಷ್ಟರಲ್ಲಿ ಬಡವನ ಮನೆಯ ಚಪ್ಪರದಲ್ಲಿಯೂ ಕಾಯಿ ತೂಗಾಡುವುದು. ಹಳ್ಳಿಯ ಕ್ಷೇಮವು ಇಂತಹ ಸಣ್ಣ ಕಾರ್ಯಗಳಲ್ಲಿಯೇ ಅಡಗಿರುವುದು.