ಬರಗಾಲದಲ್ಲಿ ಮೊರೆಯಿಟ್ಟವರು



ಈ ಸ್ಮರಣ ಸಂಚಿಕೆಗೆ ಒಂದು ವೇದಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಪ್ರವಾದಿಯಾದ ಹಬಕ್ಕೂಕನ ಪುಸ್ತಕವನ್ನು ಆರಿಸಿಕೊಂಡೆನು. ಮೂರೇ ಅಧ್ಯಾಯಗಳ ಸಣ್ಣ ಪುಸ್ತಕವಿದು. ಮರಗಳು ಫಲಕೊಡದೆ, ಹೊಲವು ಬೆಳೆಯದೆ, ಹಟ್ಟಿಯಲ್ಲಿ ದನಕುರಿಗಳಿಲ್ಲದೆ ಹೋದರೂ ತಾನು ದೇವರಲ್ಲಿ ಆನಂದಿಸುವೆನೆಂಬುದು ಅದರ ಕಡೆಯ ಮಾತು. ಅಂಜೂರ ದ್ರಾಕ್ಷೆಗಳ ಸ್ಥಾನದಲ್ಲಿ ರಾಗಿ ತೆಂಗುಗಳನ್ನಿಟ್ಟು ಓದಿದರೆ ಕಡೂರು ಸೀಮೆಯ ಬೇಸಾಯಗಾರರಿಗೆ ವ್ಯಾಖ್ಯಾನವೇ ಬೇಡ. ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರದಲ್ಲಿ ಬರಿದಾದ ಹಟ್ಟಿಯೆಂದರೇನೆಂದು ಯಾರಿಗೂ ತಿಳಿಯಹೇಳಬೇಕಾಗಿಲ್ಲ. ತರೀಕೆರೆಯ ಮಲೆನಾಡಿನ ಅಂಚಿನವರು ಸ್ವಲ್ಪ ಭಾಗ್ಯವಂತರು. ಅವರಿಗೆ ಭದ್ರೆಯ ನೀರುಂಟು.

ಸಭೆಗಳಲ್ಲಿ ನಾವು ಈ ಕಡೆಯ ಅಧ್ಯಾಯವನ್ನೇ ಓದಿಸುತ್ತೇವೆ. ಮೊದಲನೆಯದನ್ನು ಓದಿಸುವುದು ಅಪರೂಪ. ಯಾಕಂದರೆ ಅದರಲ್ಲಿರುವುದು ದೂರು. ನಾನು ಎಷ್ಟು ಕಾಲ ಕೂಗಬೇಕು, ನೀನು ಏಕೆ ಕೇಳುವುದಿಲ್ಲವೆಂದು ಪ್ರವಾದಿಯು ದೇವರನ್ನೇ ಪ್ರಶ್ನಿಸುತ್ತಾನೆ. ಎರಡನೆಯದರಲ್ಲಿ ಕಾವಲುಗೋಪುರವನ್ನು ಹತ್ತಿ ಉತ್ತರಕ್ಕಾಗಿ ಕಾದು ನಿಲ್ಲುತ್ತಾನೆ. ಆಮೇಲೆ ಹಾಡು. ಈ ಕ್ರಮವನ್ನು ಗಮನಿಸಬೇಕು. ಕಷ್ಟಕಾಲದಲ್ಲಿ ದೇವರಿಗೆ ದೂರು ಹೇಳುವವನು ಆತನನ್ನು ಬಿಟ್ಟವನಲ್ಲ, ಇನ್ನೂ ಆತನ ಬಾಗಲಲ್ಲೇ ನಿಂತಿರುವವನು.

ನಮ್ಮ ನಾಡಿನಲ್ಲಿ ಇಂಥ ಕಾಲವು ಬಂದದ್ದುಂಟು. 1876ರಿಂದ 1878ರವರೆಗಿನ ಆ ಮಹಾಕ್ಷಾಮವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದೇ ಕರೆಯುತ್ತಿದ್ದರು. ಬಾಬಾಬುಡನ್ ಗಿರಿಗಳು ಪಡುವಣ ಮೋಡಗಳನ್ನು ತಡೆಯುವುದರಿಂದ ಕಡೂರಿನ ಬಯಲಿಗೆ ಒಳ್ಳೆಯ ವರ್ಷದಲ್ಲಿಯೂ ಮಳೆ ಕಡಮೆ. ಆಗ ಮೈಸೂರು ಸೀಮೆಯ ಬಹುಭಾಗಕ್ಕೇ ಇಲ್ಲವಾಯಿತು. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ, ಎತ್ತುಗಳಾದರೋ ಮೇವಿಲ್ಲದೆ ಸಾಯುತ್ತಿದ್ದವು. 1871ರ ಖಾನೆಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೀರೂರು ಅಜ್ಜಂಪುರಗಳ ಮೇಲೆ ಹರಿಹರಕ್ಕೆ ಹೋಗುವ ರೈಲುದಾರಿಯು ತೆರೆದದ್ದು 1889ರಲ್ಲಿ. ತರೀಕೆರೆಯ ದಾರಿ 1899ರಲ್ಲಿ. ಸತ್ತವರಿಗೆ ಅದು ತಡವಾಯಿತು.

ಆ ಕಾಲದಲ್ಲಿ ವೆಸ್ಲಿಯನ್ ಮಿಷನಿನವರು ಅನಾಥ ಹುಡುಗರಿಗಾಗಿ ತುಮಕೂರಿನಲ್ಲಿಯೂ ಹುಡುಗಿಯರಿಗಾಗಿ ಹಾಸನದಲ್ಲಿಯೂ ಆಶ್ರಮಗಳನ್ನು ನಡೆಸಿದರು. ನನ್ನ ಅಜ್ಜಿಯ ಅಜ್ಜಿಯು ಹಾಸನದಲ್ಲಿ ಬೆಳೆದವರು. ತಮ್ಮ ಹುಟ್ಟೂರಿನ ಹೆಸರು ಅವರಿಗೆ ತಿಳಿದಿರಲಿಲ್ಲ. ಕಡೂರಿನ ಕಡೆಯೆಂದೂ, ದೊಡ್ಡದೊಂದು ಕೆರೆಯ ಅಂಗಳವು ಬಿರುಕು ಬಿಟ್ಟಿತ್ತೆಂದೂ, ತಮ್ಮನೊಬ್ಬನಿದ್ದನೆಂದೂ ಮಾತ್ರ ಅವರ ನೆನಪು. ಅದು ಮದಗದ ಕೆರೆಯೋ ಅಯ್ಯನಕೆರೆಯೋ, ಯಾರು ಹೇಳಬಲ್ಲರು?

ಗಂಜಿಗಾಗಿ ಮತಕ್ಕೆ ಬಂದವರೆಂದು ಇಂಥವರನ್ನು ಜನರು ಹಳಿಯುತ್ತಿದ್ದರು. ಈ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಏಳೆಂಟು ವರ್ಷದ ಮಗುವು ಮತವನ್ನು ಆರಿಸಿಕೊಳ್ಳಲಿಲ್ಲ. ಅದರ ಪರವಾಗಿ ಬೇರೆಯವರು ಆರಿಸಿದರು. ಮಳೆಬೆಳೆಗಳು ಮರಳಿದ ಮೇಲೆ, ಗಂಜಿಯ ಅಗತ್ಯವೇ ತೀರಿದ ಮೇಲೆ, ಅರುವತ್ತು ವರ್ಷ ಅದನ್ನು ಉಳಿಸಿಕೊಂಡದ್ದು ಮಾತ್ರ ಆಕೆಯ ಸ್ವಂತ ಕೆಲಸ.

ಆಕೆ ಹೇಗೆ ಉಳಿಸಿಕೊಂಡರೆಂಬುದನ್ನು ನನ್ನ ಅಜ್ಜಿಯವರು ಚಿಕ್ಕವರಿದ್ದಾಗ ಕಣ್ಣಾರೆ ಕಂಡಿದ್ದರು. ದಿನವೂ ರಾಗಿಹಿಟ್ಟಿನಲ್ಲಿ ಒಂದು ಹಿಡಿ ತೆಗೆದು ಮಡಕೆಯಲ್ಲಿಡುವರು. ತಿಂಗಳ ಕಡೆಗೆ ಅದು ಬಡವರೊಬ್ಬರ ಮನೆಗೆ ಹೋಗುವುದು. ಊಟಕ್ಕೆ ಕುಳಿತು ಕಣ್ಣುಮುಚ್ಚಿ, “ನನ್ನ ತಮ್ಮನಿಗೇಕೆ ಕೊಡಲಿಲ್ಲ, ಸ್ವಾಮಿ?” ಎಂದು ಮೊದಲು ಕೇಳುವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸ್ತೋತ್ರ ಹೇಳುವರು. ಮುದ್ದೆ ಆರಿಹೋಗುವುದೆಂದು ಮಕ್ಕಳಿಗೆ ಬೇಸರ! ಸಾಯುವ ತನಕ ಆ ಪ್ರಶ್ನೆಯನ್ನು ಬಿಡಲಿಲ್ಲವಂತೆ, ಸ್ತೋತ್ರವನ್ನೂ ಬಿಡಲಿಲ್ಲ.

ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದರೂ ಅದರ ಅರ್ಥವು ನನಗೆ ತಿಳಿದದ್ದು 2021ರ ಮೇ ತಿಂಗಳಲ್ಲಿ. ಕೊರೋನಾ ರೋಗದಿಂದ ನನ್ನ ಅಣ್ಣನು ತೀರಿಕೊಂಡನು. ಸಮಾಧಿಯ ಬಳಿಗೆ ನಾನು ಹೋಗಲಾಗಲಿಲ್ಲ. ಶಾಲೆಯು ಮುಚ್ಚಿದ್ದುದರಿಂದ ಮಕ್ಕಳಿಗಾಗಿ ದಿನವೂ ಮೊಬೈಲಿನಲ್ಲಿ ಪ್ರಾರ್ಥನೆಯನ್ನು ಓದಿ ಕಳುಹಿಸುತ್ತಿದ್ದೆನು. ನಿಮ್ಮಲ್ಲಿ ಅನೇಕರು ಅದರಿಂದ ಧೈರ್ಯ ಬಂದಿತೆಂದು ಹೇಳಿದಿರಿ. ಈಗ ಒಪ್ಪಿಕೊಳ್ಳುತ್ತೇನೆ: ಆ ವಾರಗಳಲ್ಲಿ ನನ್ನ ಸ್ವಂತ ಪ್ರಾರ್ಥನೆಯು ನಿಂತುಹೋಗಿತ್ತು. ಮುಖ್ಯೋಪಾಧ್ಯಾಯಿನಿಯಾದವಳು ದೇವರ ಮೇಲೆ ಕೋಪಿಸಿಕೊಳ್ಳಬಾರದೆಂದು ಭಾವಿಸಿ ಬಾಯಿಮುಚ್ಚಿಕೊಂಡಿದ್ದೆನು. ಅದನ್ನೇ ಭಕ್ತಿಯೆಂದೂ ತಿಳಿದಿದ್ದೆನು. ಒಂದು ರಾತ್ರಿ ಒಬ್ಬಳೇ ಊಟಕ್ಕೆ ಕುಳಿತಾಗ ಅಜ್ಜಿಯ ಅಜ್ಜಿಯ ಪ್ರಶ್ನೆಯೇ ನನ್ನ ಬಾಯಿಗೆ ಬಂದಿತು, ತಮ್ಮನ ಸ್ಥಾನದಲ್ಲಿ ಅಣ್ಣನನ್ನಿಟ್ಟು ಕೇಳಿದೆನು. ಉತ್ತರವೇನೂ ಬರಲಿಲ್ಲ. ಆದರೆ ಅಂದು ಅತ್ತೆನು, ಮಾತನಾಡಿದೆನು. ಮರುದಿನ ಓದಿದ ಪ್ರಾರ್ಥನೆಯು ನನ್ನದಾಗಿತ್ತು.

ಕಳೆದ ಬೇಸಗೆಯಲ್ಲಿ ಕೊಳವೆಬಾವಿ ಬತ್ತಿ, ದನಗಳನ್ನು ಮಾರಿದ ಮನೆಯಿಂದ ಬಂದ ಬಾಲಕಿಯೊಬ್ಬಳು ಸಂಜೆಯ ಪ್ರಾರ್ಥನೆಯ ತರುವಾಯ ನನ್ನನ್ನು ತಡೆದು, “ಅಮ್ಮಾ, ನಾವು ದೇವರನ್ನು ಬಿಡಲಿಲ್ಲ, ಆತನು ನಮ್ಮನ್ನೇಕೆ ಬಿಟ್ಟನು?” ಎಂದು ಕೇಳಿದಳು. ಹತ್ತಿರದಲ್ಲಿದ್ದ ಉಪಾಧ್ಯಾಯಿನಿಯೊಬ್ಬರು ಹಾಗೆಲ್ಲಾ ಕೇಳಬಾರದೆಂದು ಗದರಿಸಹೊರಟರು. ನಾನು ಅವರನ್ನು ತಡೆದು, ಬಾಲಕಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಹಬಕ್ಕೂಕನ ಮೊದಲನೆಯ ಅಧ್ಯಾಯವನ್ನು ತೆರೆದು ಗಟ್ಟಿಯಾಗಿ ಓದೆಂದು ಕೊಟ್ಟೆನು.