ಉಪಗ್ರಹದ ಮಳೆ ಲೆಕ್ಕ ಸರಿಯೇ?

ಉಪಗ್ರಹ ಮಳೆಹನಿ ಹಿಡಿದು ಅಳೆಯೋದಿಲ್ಲ. ಮೋಡದ ತಲೆ ಎಷ್ಟು ತಣ್ಣಗಿದೆ, ಅದರಿಂದ ಬರುವ ಸೂಕ್ಷ್ಮತರಂಗ ಎಷ್ಟು ಎಂದು ನೋಡಿ ಅಂದಾಜು ಮಾಡುತ್ತದೆ. 2014ರಲ್ಲಿ ಅಮೆರಿಕ, ಜಪಾನ್ ಸೇರಿ ಹಾರಿಸಿದ ಜಿ.ಪಿ.ಎಂ. ಉಪಗ್ರಹದಲ್ಲಿ ರಾಡಾರೂ ಇದೆ.

ಆದರೆ ಕಾವೇರಿ ಹುಟ್ಟುವ ಕೊಡಗಿನಲ್ಲಿ ಗಾಳಿ ಬೆಟ್ಟಕ್ಕೆ ಬಡಿದು, ತಗ್ಗಿನ ಮೋಡವೇ ಧೋ ಅಂತ ಸುರಿಯುತ್ತದೆ. ಅದರ ತಲೆ ಅಷ್ಟು ತಣ್ಣಗಿರೋದಿಲ್ಲ. ಹಾಗಾಗಿ ಉಪಗ್ರಹ ಅನೇಕ ಸಲ ಕಡಿಮೆ ಮಳೆ ತೋರಿಸುತ್ತದೆ. ಅದನ್ನೇ ನಂಬಿದರೆ ಪ್ರವಾಹದ ಮುನ್ಸೂಚನೆ ತಪ್ಪೀತು!

ಪರೀಕ್ಷೆ ಹೇಗೆ? ಅದೇ ದಿನದ ಮಳೆಮಾಪಕದ ಲೆಕ್ಕದೊಂದಿಗೆ ಹೋಲಿಸಬೇಕು. ಉದಾ: ಮಾಪಕ 60 ಮಿ.ಮೀ., ಉಪಗ್ರಹ 45 ಮಿ.ಮೀ. ಎಂದರೆ ಕಾಲು ಪಾಲು ಕಡಿಮೆ. ಉಪಗ್ರಹ ನಕ್ಷೆಯ ಒಂದು ಚೌಕ ಸುಮಾರು 10 ಕಿ.ಮೀ. ಅಗಲ, ಮಾಪಕದ ಬಾಯಿ ಬರೀ ತಂಬಿಗೆಯಷ್ಟು. ಅದಕ್ಕೇ ಕಣಿವೆ ತುಂಬ ಮಾಪಕಗಳು ಬೇಕು.

ಮಾಪಕ ಓದುವ ಹೊತ್ತು ಬೆಳಿಗ್ಗೆ 8.30. ಈ ಮಳೆಗಾಲ ನಾವೂ ಅಳೆಯೋಣವೇ?