ಮೇಷ್ಟ್ರು ಕರೆದರೆ ಹೆದರಬೇಡಿ

ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಈಗ ನಮ್ಮ ಜಿಲ್ಲಾ ಕೇಂದ್ರಗಳಿಂದಲೂ ಮಕ್ಕಳು ಹೋಗುತ್ತಿದ್ದಾರೆ. ಒಂದೂವರೆ, ಎರಡು ಸಾವಿರ ವಿದ್ಯಾರ್ಥಿಗಳು, ಹೆಚ್ಚುಕಡಿಮೆ ಎಲ್ಲರೂ ಕ್ಯಾಂಪಸ್ಸಿನಲ್ಲೇ ವಾಸ, ಪದವಿ ತರಗತಿಗಳೇ ಮುಖ್ಯ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿ ಓದುತ್ತಿರುವ, ಓದಲು ಹೊರಟಿರುವ ಮಕ್ಕಳವು ಮತ್ತು ಅವರ ಮನೆಯವರವು.

ಪ್ರಶ್ನೆ: ಪಿಯುಸಿಯಲ್ಲಿ ಕ್ಲಾಸಿಗೇ ಮೊದಲಿಗನಾಗಿದ್ದೆ. ಈಗ ಒಹಾಯೊದ ಒಂದು ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷ. ಕ್ಲಾಸಿನಲ್ಲಿ ಇರುವುದೇ ಹದಿನಾಲ್ಕು ಜನ, ಒಂದೇ ಮೇಜಿನ ಸುತ್ತ ಕೂರುತ್ತೇವೆ. ಎಲ್ಲರೂ ಮಾತಾಡುತ್ತಾರೆ. ಓದಿಕೊಂಡೇ ಹೋಗಿದ್ದರೂ ನನಗೆ ಬಾಯಿ ಬರುವುದಿಲ್ಲ. ಮೊನ್ನೆ ಪ್ರೊಫೆಸರ್ ‘ಒಮ್ಮೆ ಬಂದು ಕಾಣು’ ಎಂದು ಇಮೇಲ್ ಕಳಿಸಿದ್ದಾರೆ. ಏನು ತಪ್ಪು ಮಾಡಿದೆನೋ ಎಂದು ನಿದ್ದೆಯೇ ಹತ್ತುತ್ತಿಲ್ಲ.
– ವಿದ್ಯಾರ್ಥಿ, ಒಹಾಯೊ (ಊರು ಚಿತ್ರದುರ್ಗ)

ಉತ್ತರ: ನಾಳೆಯೇ ಹೋಗಿ ಕಾಣಿ. ನಮ್ಮಲ್ಲಿ ಸ್ಟಾಫ್ ರೂಮಿನಿಂದ ಕರೆ ಬಂತೆಂದರೆ ಬೈಗುಳ ಕಾದಿದೆ ಎಂದೇ ಲೆಕ್ಕ. ಅಪ್ಪನನ್ನು ಕರೆದುಕೊಂಡು ಬಾ ಎನ್ನುವುದು ಅದರ ಮುಂದಿನ ಹಂತ. ಅಲ್ಲಿ ಹಾಗಲ್ಲ. ಹದಿನಾಲ್ಕು ಜನರಲ್ಲಿ ಒಬ್ಬ ಹುಡುಗ ವಾರಗಟ್ಟಲೆ ಮಾತಾಡದಿದ್ದರೆ ಪಾಠ ಮಾಡುವವರಿಗೆ ಅದು ಕಾಣದೇ ಇರುವುದಿಲ್ಲ. ನಾನೂ ಅಂಥದೊಂದು ಕಾಲೇಜಿನಲ್ಲಿ ಪಾಠ ಮಾಡಿದವಳು. ಹಾಗೆ ಕರೆಯುವುದು ಬಹುಮಟ್ಟಿಗೆ ‘ಹೇಗಿದ್ದೀ, ಓದು ಹಿಡಿಸುತ್ತಿದೆಯೇ’ ಎಂದು ಕೇಳುವುದಕ್ಕೆ.

ಪ್ರತಿ ಪ್ರೊಫೆಸರ್ ವಾರದಲ್ಲಿ ಕೆಲವು ಗಂಟೆಗಳನ್ನು ಆಫೀಸ್ ಅವರ್ಸ್ ಎಂದು ತೆಗೆದಿಟ್ಟಿರುತ್ತಾರೆ. ಸಮಯ ಸಿಲಬಸ್ಸಿನಲ್ಲೇ ಇರುತ್ತದೆ. ಹೋಗುವಾಗ ಪುಸ್ತಕ ಕೈಯಲ್ಲಿರಲಿ. ಅರ್ಥವಾಗದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ‘ಈ ಪುಟದ ಈ ಮಾತಿಗೂ ಹಿಂದಿನ ಅಧ್ಯಾಯಕ್ಕೂ ಹೊಂದಿಕೆ ಕಾಣುತ್ತಿಲ್ಲ’ ಎಂದು ಕೇಳಿ. ಅಷ್ಟು ಸಾಕು, ಅಲ್ಲಿಂದ ಅರ್ಧ ಗಂಟೆ ಮಾತು ತಾನಾಗಿ ನಡೆಯುತ್ತದೆ. ಕ್ಲಾಸಿನಲ್ಲಿ ಮಾತು ಹೊರಡುವುದಿಲ್ಲ ಎನ್ನುವುದನ್ನೂ ಅವರಿಗೇ ನೇರವಾಗಿ ಹೇಳಿ. ಮುಂದಿನ ಕ್ಲಾಸಿನಲ್ಲಿ ‘ಮೊನ್ನೆ ಇವನೊಂದು ಒಳ್ಳೆಯ ಪ್ರಶ್ನೆ ತಂದಿದ್ದ’ ಎಂದು ಅವರೇ ನಿಮಗೆ ದಾರಿ ಬಿಟ್ಟುಕೊಡಬಹುದು.

ಕ್ಲಾಸಿನಲ್ಲಿ ಮೊದಲ ಹತ್ತು ನಿಮಿಷದೊಳಗೆ ಒಂದು ಮಾತು ಆಡಿಬಿಡಿ. ಕಾದಷ್ಟೂ ಗಂಟಲು ಕಟ್ಟುತ್ತದೆ. ಅದು ಪಾಂಡಿತ್ಯದ ಮಾತೇ ಆಗಬೇಕಿಲ್ಲ. ‘ಇದು ನನಗೆ ಅರ್ಥವಾಗಲಿಲ್ಲ’ ಎನ್ನುವುದಕ್ಕೂ ಅಲ್ಲಿ ಬೆಲೆಯಿದೆ. ಚರ್ಚೆಗೆ ಎಷ್ಟು ಅಂಕ ಎಂದೂ ಸಿಲಬಸ್ಸಿನಲ್ಲಿ ನೋಡಿಕೊಳ್ಳಿ, ಬಾಯಿ ಬಿಡದಿದ್ದರೆ ಆ ಅಂಕ ಹೋಗುತ್ತದೆ.

ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಟ್ಯುಟೋರಿಯಲ್ ಎಂಬ ಕೋರ್ಸುಗಳಿವೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪ್ರೊಫೆಸರ್. ಒಂದು ವಾರ ಒಬ್ಬರು ಪ್ರಬಂಧ ಬರೆದು ತರಬೇಕು, ಇನ್ನೊಬ್ಬರು ಅದನ್ನು ವಿಮರ್ಶಿಸಬೇಕು, ಮರುವಾರ ಅದಲುಬದಲು. ಬಚ್ಚಿಟ್ಟುಕೊಳ್ಳಲು ಹಿಂದಿನ ಬೆಂಚೇ ಇಲ್ಲ. ಅಯೋವಾದ ಗ್ರಿನೆಲ್ ಕಾಲೇಜಿನಲ್ಲಿ ಎಲ್ಲರಿಗೂ ಕಡ್ಡಾಯವಾದ ಕೋರ್ಸು ಒಂದೇ, ಮೊದಲ ವರ್ಷದ ಟ್ಯುಟೋರಿಯಲ್. ಅದನ್ನು ಕಲಿಸುವವರೇ ನೀವು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆರಿಸಿಕೊಳ್ಳುವವರೆಗೂ ನಿಮ್ಮ ಸಲಹೆಗಾರರು. ಈ ಕಾಲೇಜುಗಳು ಅಷ್ಟೊಂದು ಹಣ ಕೇಳುವುದಕ್ಕೆ ಇಂಥ ಹತ್ತಿರದ ಕಲಿಕೆಯೂ ಒಂದು ಕಾರಣ. ಮೌನವಾಗಿ ನಾಲ್ಕು ವರ್ಷ ಕಳೆದರೆ ದುಡ್ಡು ಕೊಟ್ಟ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ಪ್ರಶ್ನೆ: ಮಗ ಅಮೆರಿಕದ ಸಣ್ಣ ಕಾಲೇಜುಗಳಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಾನೆ. ಗಣಿತವನ್ನೂ ಓದುತ್ತಾನಂತೆ, ನಾಟಕವನ್ನೂ ಓದುತ್ತಾನಂತೆ. ಕೊನೆಗೆ ಸಿಗುವುದು ಬಿಎ. ಇಂಥ ಕಾಲೇಜುಗಳ ಹೆಸರನ್ನೇ ನಮ್ಮ ಕಡೆ ಯಾರೂ ಕೇಳಿಲ್ಲ. ಜಮೀನು ಅಡವಿಟ್ಟು ಕಳಿಸಬಹುದೇ?
– ತಂದೆ, ಶಿವಮೊಗ್ಗ

ಉತ್ತರ: ಜಮೀನಿನ ಮಾತಿಗೆ ಮೊದಲು ಬರುತ್ತೇನೆ: ಬೇಡ. ಅಲ್ಲಿನ ಹೆಸರಾಂತ ಕಾಲೇಜುಗಳಲ್ಲಿ ಫೀಸು, ವಸತಿ, ಊಟ ಸೇರಿ ವರ್ಷಕ್ಕೆ 80 ಸಾವಿರ ಡಾಲರಿಗೂ ಮೀರುತ್ತದೆ. ಆದರೆ ಪೂರ್ತಿ ಹಣ ಕಟ್ಟದೆ ಓದುವವರು ಅಲ್ಲಿ ಬಹಳ ಜನ ಇದ್ದಾರೆ. ಆಮ್ಹರ್ಸ್ಟ್ ಮತ್ತು ಬೋಡನ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಯ ಮನೆಯಲ್ಲಿ ಹಣವಿದೆಯೇ ಎಂದು ನೋಡದೆ ಆಯ್ಕೆ ಮಾಡಿ, ಆಮೇಲೆ ಕೊರತೆ ಬೀಳುವಷ್ಟನ್ನು ತಾವೇ ತುಂಬುತ್ತವೆ. ಮಿಕ್ಕ ಬಹುತೇಕ ಕಾಲೇಜುಗಳು ನೆರವು ಕೊಡುತ್ತವೆ, ಆದರೆ ಆಯ್ಕೆಯ ಹೊತ್ತಿನಲ್ಲೇ ಅದನ್ನೂ ತೂಗಿ ನೋಡುತ್ತವೆ. ಸೀಟು ಸಿಕ್ಕ ಮೇಲೆ ಕೇಳೋಣ ಎಂದು ಸುಮ್ಮನಿರಬೇಡಿ. ಸೇರುವಾಗ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದೆ ಕೊಡುವುದಿಲ್ಲ ಎಂಬ ನಿಯಮ ಅನೇಕ ಕಡೆ ಇದೆ. ನವೆಂಬರಿನಲ್ಲಿ ಹಾಕುವ ‘ಅರ್ಲಿ ಡಿಸಿಷನ್’ ಅರ್ಜಿಗೆ ನೀವೂ ಸಹಿ ಮಾಡಬೇಕು; ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇವೆಂಬ ಕರಾರು ಅದು. ಖರ್ಚಿನ ಅಂದಾಜು ಸಿಗದೆ ಸಹಿ ಹಾಕಬೇಡಿ. ಕ್ಯಾಂಪಸ್ಸಿನಲ್ಲಿ ದುಡಿದು ಫೀಸು ಕಟ್ಟುತ್ತೇನೆ ಎಂದು ಮಗ ಹೇಳಿದರೆ ನಂಬಬೇಡಿ. ತರಗತಿಗಳು ನಡೆಯುವಾಗ ವಿದ್ಯಾರ್ಥಿ ವೀಸಾದಲ್ಲಿ ವಾರಕ್ಕೆ 20 ಗಂಟೆಯಷ್ಟೇ ಮಿತಿ. ಲೈಬ್ರರಿಯಲ್ಲೋ ಊಟದ ಹಾಲಿನಲ್ಲೋ ದುಡಿದದ್ದು ಕೈಖರ್ಚಿಗೆ ಆಗುತ್ತದೆ.

ಬಿಎ ಎಂದು ಅಳುಕುವುದು ಬೇಡ. ಅಲ್ಲಿ ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಓದಿದವರಿಗೂ ಅನೇಕ ಕಾಲೇಜುಗಳು ಬಿಎಯನ್ನೇ ಕೊಡುತ್ತವೆ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ ಅನುಮತಿ ಎಲ್ಲರಿಗೂ 12 ತಿಂಗಳು. ವಿಜ್ಞಾನ, ಗಣಿತದಂಥ ವಿಷಯ ಓದಿದವರಿಗೆ ಇನ್ನೂ 24 ತಿಂಗಳು ಸಿಗುವ ಅವಕಾಶವಿದ್ದು, ಅದನ್ನು ನಿರ್ಧರಿಸುವುದು ಮೇಜರ್ ವಿಷಯ, ಪದವಿಯ ಹೆಸರಲ್ಲ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ. ಮೇಜರ್ ತೀರ್ಮಾನಿಸಲು ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯವರೆಗೆ ಸಮಯವಿದೆ. ಅಲ್ಲಿಯವರೆಗೆ ಗಣಿತ, ನಾಟಕ ಎರಡನ್ನೂ ಓದಲಿ. ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಪದವಿ ಪಡೆದದ್ದು ಗ್ರಿನೆಲ್‌ನಲ್ಲಿ. ಸ್ವಾರ್ತ್‌ಮೋರ್, ರೀಡ್, ಕಾರ್ಲ್‌ಟನ್ ಕಾಲೇಜುಗಳಿಂದ ಮುಂದೆ ಪಿಎಚ್‌ಡಿ ಮಾಡುವವರ ಪ್ರಮಾಣ ಅಮೆರಿಕದಲ್ಲೇ ಮುಂಚೂಣಿಯದು. ನಮ್ಮ ಕಡೆ ಹೆಸರು ಗೊತ್ತಿಲ್ಲದಿರುವುದರಿಂದ ಮಗನಿಗೆ ನಷ್ಟವೇನೂ ಇಲ್ಲ.

ಪ್ರಶ್ನೆ: ಮಗಳು ಸಸ್ಯಾಹಾರಿ. ಡಿಸೆಂಬರಿನಲ್ಲಿ ಹಾಸ್ಟೆಲ್ ಮುಚ್ಚುತ್ತಾರಂತೆ. ಎಲ್ಲಿಗೆ ಹೋಗಬೇಕು?
– ತಾಯಿ, ಬೆಂಗಳೂರು

ಉತ್ತರ: ಚಳಿಗಾಲದ ರಜೆಯಲ್ಲಿ ಕೆಲವು ಕಾಲೇಜುಗಳು ವಸತಿಯನ್ನು ಮುಚ್ಚುತ್ತವೆ, ಕೆಲವು ವಿದೇಶಿ ಮಕ್ಕಳಿಗೆ ಒಂದು ಕಟ್ಟಡ ತೆರೆದಿಡುತ್ತವೆ. ಮಗಳು ಅಕ್ಟೋಬರಿನಲ್ಲೇ ವಸತಿ ಕಚೇರಿಗೆ ಬರೆದು ಕೇಳಲಿ. ರೂಮು ಸಿಕ್ಕರೂ ಊಟದ ಹಾಲ್ ಮುಚ್ಚಿರಬಹುದು, ಆದ್ದರಿಂದ ಅಡುಗೆ ಮನೆ ಇರುವ ಕಟ್ಟಡವನ್ನೇ ಕೇಳಲಿ. ಸಸ್ಯಾಹಾರಕ್ಕೆ ಈಗ ಅಷ್ಟು ತೊಂದರೆಯಿಲ್ಲ. ಓಬರ್ಲಿನ್ ಕಾಲೇಜಿನಲ್ಲಂತೂ ವಿದ್ಯಾರ್ಥಿಗಳೇ ಸಹಕಾರ ಸಂಘ ಕಟ್ಟಿಕೊಂಡು, ಸಾಮಾನು ತಂದು, ಸರದಿಯ ಮೇಲೆ ಅಡುಗೆ ಮಾಡುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ಕಟ್ಟಿ ಕಳಿಸಿ.

ಪ್ರಶ್ನೆ: ಗಣಿತದ ಪ್ರಾಬ್ಲಂ ಸೆಟ್ಟನ್ನು ಗೆಳತಿಯರೆಲ್ಲ ಸೇರಿ ಮಾಡಿದೆವು. ಒಬ್ಬಳು ನನ್ನ ಹಾಳೆಯನ್ನು ಫೋಟೊ ತೆಗೆದುಕೊಂಡು ಹಾಗೇ ಬರೆದಳು. ಊರಿನಲ್ಲಿ ನೋಟ್ಸ್ ಹಂಚಿಕೊಳ್ಳುವುದು ಸ್ನೇಹವಾಗಿತ್ತು. ಇಲ್ಲಿ ಇದು ಅಪರಾಧವಂತೆ, ಹೌದೇ?
– ವಿದ್ಯಾರ್ಥಿನಿ, ಪೆನ್ಸಿಲ್ವೇನಿಯಾ (ಊರು ಉಡುಪಿ)

ಉತ್ತರ: ಹೌದು, ನಕಲು ಅಲ್ಲಿ ದೊಡ್ಡ ಅಪರಾಧ. ಹಾಳೆ ಕೊಟ್ಟವರನ್ನೂ ಪ್ರಶ್ನಿಸುತ್ತಾರೆ. ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕರೇ ಇರುವುದಿಲ್ಲ. ಎಲ್ಲ ನಡೆಯುವುದು ಆನರ್ ಕೋಡ್ ಎಂಬ ಒಪ್ಪಂದದ ಮೇಲೆ. ಅಷ್ಟು ನಂಬಿದ ಕಡೆ ನಂಬಿಕೆ ಮುರಿದರೆ ಕ್ಷಮಿಸುವುದು ಕಷ್ಟ. ಒಟ್ಟಿಗೆ ಕೂತು ಚರ್ಚಿಸುವುದಕ್ಕೆ ಬಹಳಷ್ಟು ಕೋರ್ಸುಗಳಲ್ಲಿ ಅನುಮತಿಯಿದೆ. ಚರ್ಚೆ ಮುಗಿದ ಮೇಲೆ ಬೇರೆ ಬೇರೆ ಕೂತು ಸ್ವಂತವಾಗಿ ಬರೆಯಬೇಕು, ಯಾರ ಜೊತೆ ಮಾಡಿದಿರೋ ಅವರ ಹೆಸರನ್ನು ಮೇಲೆ ನಮೂದಿಸಬೇಕು. ಈಗ ಆದದ್ದನ್ನು ಬೇರೆಯವರು ಹೇಳುವ ಮುಂಚೆ ನೀವೇ ಪ್ರೊಫೆಸರಿಗೆ ಹೇಳಿಬಿಡಿ. ಗೆಳತಿಗೂ ತಿಳಿಸಿಯೇ ಹೋಗಿ.

ಪ್ರಶ್ನೆ: ಅಮೆರಿಕಕ್ಕೆ ಹೋಗುವ ಶಕ್ತಿಯಿಲ್ಲ. ಇಂಥ ಓದು ನಮ್ಮಲ್ಲೇ ಸಿಗುವುದಿಲ್ಲವೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಿಗುತ್ತದೆ, ಆದರೆ ಕೆಲವೇ ಕಡೆ. ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ಶುರುವಾದ ಅಶೋಕ ವಿಶ್ವವಿದ್ಯಾಲಯ ಇದೇ ಬಗೆಯದು. ನಿಮಗೆ ಹತ್ತಿರದ್ದು ಬೆಂಗಳೂರಿನ ಸರ್ಜಾಪುರದ ಬಳಿಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಮನೆಯ ಆದಾಯ ನೋಡಿ ಅಲ್ಲಿ ಫೀಸಿನಲ್ಲಿ ನೆರವು ಕೊಡುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದರು. ಬೇರೆ ವಿಭಾಗದ ವಿಷಯ ಓದಲು ಆಗ ತೆರೆದಿದ್ದ ಬಾಗಿಲನ್ನಾದರೂ ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಅನಿಸುತ್ತದೆ.

ಎಲ್ಲೂ ಸೀಟು ಸಿಗದೆ ಊರಿನ ಡಿಗ್ರಿ ಕಾಲೇಜಿಗೇ ಸೇರಿದಿರಿ ಎಂದುಕೊಳ್ಳಿ. ಅಲ್ಲಿಯೂ ಓದಿ ಓದಿಸುವ ಮೇಷ್ಟ್ರು ಒಬ್ಬರಾದರೂ ಇದ್ದೇ ಇರುತ್ತಾರೆ. ಪುಸ್ತಕ ಹಿಡಿದುಕೊಂಡು ಅವರನ್ನು ಹುಡುಕಿ ಹೋಗಿ, ಪ್ರಶ್ನೆ ಕೇಳಿ. ಉಪನ್ಯಾಸಕರಲ್ಲೂ ನನ್ನದೊಂದು ವಿನಂತಿ: ಹಾಗೆ ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಬೇಡಿ, ಕುರ್ಚಿ ಕೊಡಿ.